ಹೆಸರು ಹಿಡಿದು ಕೇಳ್ರಿ

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಾರ್ಲಿಮೆಂಟ್ ನೋಡಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ರಾಯಚೂರಿನ ನಮ್ಮ ಮನೆಯಲ್ಲೇ, ನಮ್ಮದೇ ದಿವಾನದ ಮೇಲೆ.

ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ದುರುಗಮ್ಮ. ತವರು ಅರಕೇರಾ, ಕೊಟ್ಟದ್ದು ಜಿಲ್ಲೆಯ ಇನ್ನೊಂದು ಸಣ್ಣ ಊರಿಗೆ. (ಊರಿನ ಹೆಸರು ಬರೆಯಬೇಡ ಎಂದು ಆಕೆಯದೇ ಕಟ್ಟಪ್ಪಣೆ. ಪೇಪರ್‌ನಲ್ಲಿ ಊರಿನ ಮಾನ ಹೋಗಬಾರದಂತೆ.) ಅಲ್ಲಿಯ ಪಟ್ಟಣ ಪಂಚಾಯಿತಿಗೆ ಆಕೆ ಪಕ್ಷೇತರ ಸದಸ್ಯೆ. ಯಾವ ಪಕ್ಷದವರೂ ಟಿಕೆಟ್ ಕೊಡಲಿಲ್ಲ. ಹೊಲಿಗೆ ಯಂತ್ರದ ಗುರುತು ಸಿಕ್ಕಿತು. ಇಡೀ ವಾರ್ಡಿನ ಹೆಂಗಸರ ಜಂಪರು ಹೊಲಿದುಕೊಟ್ಟವಳಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕೇ? ಗೆದ್ದುಬಿಟ್ಟಳು.

ಮೊನ್ನೆ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ನನ್ನನ್ನು ತಡೆದು ಕೇಳಿದರು, "ಸರ, ಮೀಟಿಂಗ್‌ನ್ಯಾಗ ಮೈಕ್ ಕಸಗೊಂಡಾಕಿ ನಿಮ್ಮ ಚಿಗವ್ವ ಅಂತಲ್ರಿ?" ಮಾನ್ವಿಗೆ ಹೋದರೆ ಅಲ್ಲಿ ಇನ್ನೊಂದು ಕತೆ. ಆಕೆ ಕುರ್ಚಿ ಎತ್ತಿ ಒಗೆದಳಂತೆ. ಸುದ್ದಿ ಸಿರವಾರ ದಾಟುವ ಹೊತ್ತಿಗೆ ಅದಕ್ಕೆ ಇನ್ನೆರಡು ಕೈ, ಎರಡು ಕಾಲು ಬಂದಿದ್ದವು. ಮೈಕೂ ಇರಲಿಲ್ಲ, ಕುರ್ಚಿಯೂ ಹಾರಲಿಲ್ಲ. ನಾನು ಅಲ್ಲೇ ಇದ್ದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ನಿಮಗೆ ಹೇಳಿಬಿಡುತ್ತೇನೆ.

ಮೊದಲು ಕಣ್ಣಿನ ವಿಷಯ. ಚಿಗವ್ವನಿಗೆ ಪೊರೆ ಬಂದಿತ್ತು. ಆಪರೇಷನ್‌ಗೆಂದು ರಾಯಚೂರಿಗೆ ಬಂದು ನಮ್ಮಲ್ಲೇ ಉಳಿದಳು. ಒಂದು ಕಣ್ಣಿಗೆ ಆಪರೇಷನ್ ಆಯಿತು. ಒಂದಷ್ಟು ದಿನ ಟಿವಿ ನೋಡಬೇಡಿ ಅಂದರು ಡಾಕ್ಟರ್. ಅವರು ಒಂದು ಕಣ್ಣಿಗೆ ಹೇಳಿದ್ದನ್ನು ಈಕೆ ಎರಡಕ್ಕೂ ಅನ್ವಯಿಸಿಕೊಂಡು, ನೆಟ್ಟಗಿದ್ದ ಕಣ್ಣಿಗೂ ಸೇರಿಸಿ ಪಟ್ಟಿ ಕಟ್ಟಿಸಿಕೊಂಡು ಕೂತಳು.

"ನೋಡಬ್ಯಾಡ ಅಂದಾನ ಡಾಕ್ಟರ್. ಕೇಳಬ್ಯಾಡ ಅಂದಿಲ್ಲಲ್ಲ. ಟಿವಿ ಹಚ್ಚು."

ನನ್ನ ಹೆಂಡತಿ ಸೀರಿಯಲ್ ಹಚ್ಚಿದಳು. ಐದು ನಿಮಿಷಕ್ಕೇ ಚಿಗವ್ವನಿಗೆ ಬೇಸರ ಬಂತು. "ಬರೇ ಢಂ ಢಂ ಬಾರಸಾಕತ್ಯಾರ, ಮಾತ ಆಡವಲ್ರು. ಮಾತಾಡೋ ಚಾನಲ್ ಹಚ್ಚು ಯಪ್ಪಾ" ಅಂದಳು. ಇಡೀ ದಿನ ಬರೀ ಮಾತೇ ಆಡುವ ಚಾನಲ್ ಯಾವುದು? ಸಂಸತ್ತಿನದು. ನಮ್ಮ ಕಡೆಯವರಿಗೆ ಹಿಂದಿ ಏನು ಮಹಾ, ಸಂತೆಯಲ್ಲೇ ಅರ್ಧ ಕಲಿತಿರುತ್ತೇವೆ. ಇಂಗ್ಲಿಷ್ ಬಂದ ಕಡೆ ನಾನು ದುಭಾಷಿ.

ಎರಡನೆಯ ದಿನಕ್ಕೆ ಆಕೆ ದನಿ ಕೇಳಿಯೇ ಜನರನ್ನು ಗುರುತು ಹಿಡಿಯತೊಡಗಿದಳು. ಇವನು ಸಿಟ್ಟಿನವ, ಇವನು ಓದಿ ಹೇಳುವವ, ಈಕೆ ಜೋರಿದ್ದಾಳೆ. ಒಂದು ಗೊಗ್ಗರು ದನಿ ಮಾತ್ರ ಆಕೆಗೆ ಬಹಳ ಹಿಡಿಸಿತು. ಅದು ಬರುತ್ತಿದ್ದದ್ದೇ ಸಂಜೆ, ಎಲ್ಲರೂ ಮಾತಾಡಿ ಮುಗಿಸಿದ ಮೇಲೆ. ಬಂದು ನಾಲ್ಕು ಮಾತು ಆಡುವಷ್ಟರಲ್ಲಿ ಟಣ್ ಎಂದು ಗಂಟೆ. 'ನಿಮ್ಮ ಸಮಯ ಮುಗಿಯಿತು, ಕುಳಿತುಕೊಳ್ಳಿ.'

"ಯಾರಲೇ ಇಂವ? ಪಾಪ, ಬಾಯಿ ತೆಗಿಯೋದ್ರಾಗ ಗಂಟಿ ಹೊಡಿತಾರಲ್ಲ."

"ಪಕ್ಷೇತರ ಸಂಸದರು, ಚಿಗವ್ವಾ. ಎಲ್ಲೋ ದೂರದ ರಾಜ್ಯದವ್ರು. ಪಕ್ಷ ಇಲ್ಲದವ್ರಿಗೆ ಟೈಮ್ ಕಡಿಮಿ."

"ನನ್ನಂಗ ಅನ್ನು."

ಅಲ್ಲಿಂದ ಅವರು ನಮ್ಮ ಮನೆಯ ನೆಂಟರಾದರು. ಅವರ ದನಿ ಬಂದರೆ ಮಿಕ್ಸರ್ ಬಂದ್. ಕೂಲರ್ ಕೂಡ ಬಂದ್. (ರಾಯಚೂರಿನ ಬಿಸಿಲಲ್ಲಿ ಕೂಲರ್ ಬಂದ್ ಮಾಡುವುದೆಂದರೆ ಏನು ಎಂದು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.)

ಒಂದು ಮಧ್ಯಾಹ್ನ ಯಾವುದೋ ಮಸೂದೆ ಮತಕ್ಕೆ ಬಂತು. ಪರವಾಗಿರುವವರು ಹೌದು ಎನ್ನಿ ಎಂದರು ಸಭಾಧ್ಯಕ್ಷರು. ಹೋ ಎಂದು ಗದ್ದಲ. ವಿರೋಧ ಇರುವವರು ಇಲ್ಲ ಎನ್ನಿ ಎಂದರು. ಇನ್ನೊಂದು ಹೋ. ಹೌದು ಎಂದವರು ಗೆದ್ದರು ಎಂದು ಹೇಳಿ ಮುಗಿಸಿದರು.

ಚಿಗವ್ವ ಗೋಡೆಗೆ ಒರಗಿದ್ದವಳು ಎದ್ದು ಕೂತಳು. "ಈಗ ಹೌದು ಅಂದವ್ರು ಯಾರು? ಹೆಸರು?"

"ಹೆಸರು ಬರಂಗಿಲ್ಲ. ಯಾವ ಕಡಿ ದನಿ ಜೋರ ಅದನೋ ಆ ಕಡಿ ಗೆದ್ದಂಗ."

"ನಮ್ಮ ಪಂಚಾಯ್ತಿನೂ ಹಿಂಗ ನಡಿತದಲ್ಲೋ!"

ಆಗ ಆ ಗೊಗ್ಗರು ದನಿ ಕೇಳಿತು. ಒಂದೇ ಮಾತು, 'ಡಿವಿಜನ್.' ಗದ್ದಲ ನಿಂತಿತು. ಗಂಟೆ ಬಾರಿಸಿದರು, ಬಾಗಿಲು ಮುಚ್ಚಿದರು, ಸಭೆ ಗಪ್‌ಚುಪ್. ಟಿವಿ ಕೆಟ್ಟಿತೇನೋ ಎಂದು ಚಿಗವ್ವ ಕೈಯಾಡಿಸಿ ರಿಮೋಟ್ ಹುಡುಕಿದಳು. ಕೆಟ್ಟಿಲ್ಲ, ಒಬ್ಬ ಸದಸ್ಯರು ಹಾಗೆ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮತವನ್ನು ತಾವೇ ಒತ್ತಬೇಕು, ಯಾರು ಏನಂದರು ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ ಎಂದು ವಿವರಿಸಿದೆ. ಫಲಿತಾಂಶ ಬಂತು. ನಮ್ಮ ನೆಂಟರು ಹೀನಾಯವಾಗಿ ಸೋತಿದ್ದರು. ನಾನು ನಕ್ಕೆ.

ಅಂಕಣಕಾರನ ಬುದ್ಧಿ ನಿಮಗೆ ಗೊತ್ತಲ್ಲ. ಒಳ್ಳೆ ಸರಕು ಸಿಕ್ಕಿತು ಎಂದು ಆ ಸಂಸದರ ಪೂರ್ತಿ ದಾಖಲೆಯನ್ನು ಮೊಬೈಲಿನಲ್ಲಿ ತೆಗೆದೆ. ಭಾಷಣಗಳೆಲ್ಲ ಸಂಜೆಯವು, ಬಹುತೇಕ ಅರ್ಧಕ್ಕೇ ನಿಂತವು. ವಿಷಯಗಳೋ ಒಂದು ರೈಲ್ವೆ ಗೇಟು, ಮುಚ್ಚಿದ ಮಿಲ್ಲಿನ ಕಾರ್ಮಿಕರ ಪಿಂಚಣಿ, ನರ್ಸ್‌ಗಳ ಪಾಳಿ. ತಂದ ತಿದ್ದುಪಡಿಗಳು ಎಲ್ಲವೂ ಬಿದ್ದಿದ್ದವು. ಮತ ಹಾಕಿದ ಕಡೆ ಗೆಲುವು ಬಂದದ್ದೇ ಅಪರೂಪ. 'ಸೋಲಿನ ಸರದಾರ' ಎಂದು ತಲೆಬರಹವನ್ನೂ ಮನಸ್ಸಿನಲ್ಲೇ ಬರೆದುಕೊಂಡು, ಅದನ್ನೆಲ್ಲ ಚಿಗವ್ವನಿಗೆ ತಮಾಷೆಯಾಗಿ ಓದಿ ಹೇಳಿದೆ.

ಆಕೆ ನಗಲಿಲ್ಲ. "ಸೋತದ್ದು ಇರ್ಲಿ. ಇಂವ ಬ್ಯಾಡ ಅಂದಿದ್ದ ಅಂತ ಬರಕೊಂಡ್ರೋ ಇಲ್ಲೋ?"

"ಬರಕೊಂಡಾರ."

"ಹಂಗಾರ ಅಂವ ನನಗಿಂತ ಛಲೋ ಅದಾನ. ನಾ ಬ್ಯಾಡ ಅಂದಿದ್ದು ಎಲ್ಲಿನೂ ಇಲ್ಲ."

ಆಗ ತನ್ನ ಕತೆ ಹೇಳಿದಳು. ಅವರ ಊರಿನ ಸಂತೆಯ ಬಯಲಲ್ಲಿ ಹೆಂಗಸರಿಗೆಂದು ಒಂದೇ ಒಂದು ಶೌಚಾಲಯ ಇದೆ. ಹಳೆಯದು, ಬಾಗಿಲಿನ ಚಿಲಕ ಸಡಿಲ, ಆದರೂ ಇದೆ. ಸುತ್ತಲ ಹಳ್ಳಿಗಳಿಂದ ಕಾಯಿಪಲ್ಲೆ, ಒಣ ಮೆಣಸಿನಕಾಯಿ ಹೊತ್ತು ತಂದು ಬೆಳಗಿನಿಂದ ಸಂಜೆಯತನಕ ಕೂರುವ ಹೆಂಗಸರಿಗೆ ಅದೇ ಗತಿ. ಪಂಚಾಯಿತಿ ಅದನ್ನು ಕೆಡವಿ ಅಲ್ಲಿ ಮಳಿಗೆ ಕಟ್ಟಲು ಹೊರಟಿತ್ತು. ಬದಲಿಗೆ ಇನ್ನೊಂದು ಎಲ್ಲಿ? 'ಮುಂದೆ ನೋಡೋಣ.'

"ಎರಡು ಮೀಟಿಂಗ್‌ನ್ಯಾಗ ಎದ್ದು ನಿಂತು ಬ್ಯಾಡ ಅಂದೀನಿ. ಎರಡೂ ಸಲ ಸರ್ವಾನುಮತದಿಂದ ಒಪ್ಪಿಗಿ ಅಂತ ಬರದಾರ. ಸರ್ವಾನುಮತ ಅಂದ್ರ ನಾನೂ ಬಂದ್ನಲ್ಲೋ ಅದರಾಗ? ಮುಂದಿನ ಮೀಟಿಂಗಿಗೆ ಕಡೀ ಒಪ್ಪಿಗಿ. ಮರುದಿನ ಜೆಸಿಬಿ ಬರ್ತದ."

ನನ್ನ ಹೆಂಡತಿ ಅಡುಗೆ ಮನೆಯಿಂದಲೇ ಹೇಳಿದಳು, "ಗಂಡಸರಿಗೇನ್ರಿ ಅತ್ತೀ, ಗ್ವಾಡಿ ಎಲ್ಲಿದ್ರೂ ಆತು. ನಾವು ಸಂತಿಗಿ ಹೋಗೋದಿದ್ರ ಮುಂಜಾನಿಯಿಂದ ನೀರ ಕುಡಿಯಂಗಿಲ್ಲ."

ಇಷ್ಟು ವರ್ಷ ಅಂಕಣ ಬರೆದಿದ್ದೇನೆ. ರಸ್ತೆ ಗುಂಡಿ, ಕರೆಂಟು, ಬಿಸಿಲು ಎಲ್ಲದರ ಬಗ್ಗೆ ಬರೆದಿದ್ದೇನೆ. ಒಂದು ಇಡೀ ದಿನ ನೀರು ಕುಡಿಯದೆ ಬಿಸಿಲಲ್ಲಿ ಕೂರುವುದು ಏನು ಎಂದು ನನಗೆ ಹೊಳೆದೇ ಇರಲಿಲ್ಲ.

ಮೀಟಿಂಗ್ ದಿನ ನಾನೇ ಆಕೆಯನ್ನು ಊರಿಗೆ ಕರೆದುಕೊಂಡು ಹೋದೆ. ಪಟ್ಟಿ ಬಿಚ್ಚಿ ಬಹಳ ದಿನವಾಗಿತ್ತು. ಈಗ ಆಸ್ಪತ್ರೆ ಕೊಟ್ಟ ದೊಡ್ಡ ಕಪ್ಪು ಕನ್ನಡಕ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದುತ್ತಾ ಬಂದಳು. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ತಿಳಿಯುತ್ತದೆ.

ಆ ಪಂಚಾಯಿತಿಯ ಸಭಾಂಗಣವನ್ನು ನೀವು ನೋಡಬೇಕು. ನಡುವೆ ಉದ್ದನೆಯ ಟೇಬಲ್. ಒಂದು ಕಡೆ ಗಂಡಸು ಸದಸ್ಯರು, ಇನ್ನೊಂದು ಕಡೆ ತಲೆತುಂಬ ಸೆರಗು ಹೊದ್ದ ಮಹಿಳಾ ಸದಸ್ಯರು, ಗಂಡಸರಿಗಿಂತ ಒಬ್ಬಿಬ್ಬರು ಹೆಚ್ಚೇ. ಅವರ ಹಿಂದೆ ಗೋಡೆಗೆ ಹತ್ತಿದಂತೆ ಇನ್ನೊಂದು ಸಾಲು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಆ ಮಹಿಳಾ ಸದಸ್ಯರ ಗಂಡಂದಿರು. (ಚಿಗವ್ವನ ಗಂಡ, ನನ್ನ ಕಾಕಾ, ಮಾತ್ರ ಇಲ್ಲ. 'ಗೆದ್ದಾಕಿ ಆಕಿ, ನಾ ಹೋಗಿ ಏನ್ ಮಾಡ್ಲಿ' ಎಂದು ಆತ ತನ್ನ ಪಂಕ್ಚರ್ ಅಂಗಡಿ ಬಿಟ್ಟು ಅಲ್ಲಾಡುವುದಿಲ್ಲ.) ನಾನು ಬಾಗಿಲ ಬಳಿ ಸಾರ್ವಜನಿಕರ ಬೆಂಚಿನಲ್ಲಿ ಕೂತೆ.

ಮಂಡಾಳ ವಗ್ಗರಣಿ, ಮಿರ್ಚಿ, ಚಹಾ ಬಂದವು. ತಿನ್ನುತ್ತಿರುವಾಗಲೇ ವಿಷಯಗಳು ಸರಸರನೆ ಸರಿದವು. ಅಧ್ಯಕ್ಷರು ಓದುವುದು, "ಎಲ್ಲಾರೂ ಒಪ್ಪೀರೇನ್ರಿ?" ಎನ್ನುವುದು, "ಒಪ್ಪೀವ್ರಿ, ಒಪ್ಪೀವ್ರಿ" ಎಂದು ದೊಡ್ಡ ದನಿ ಏಳುವುದು. ನಾನು ಕಣ್ಣು ಮುಚ್ಚಿ ಕೇಳಿದೆ, ಚಿಗವ್ವ ನಮ್ಮ ದಿವಾನದ ಮೇಲೆ ಕೇಳುತ್ತಿದ್ದಂತೆ. ಒಂದೂ ಹೆಣ್ಣು ದನಿ ಇರಲಿಲ್ಲ. ಕಣ್ಣು ತೆರೆದು ನೋಡಿದರೆ, ಜೋರು ದನಿಯೆಲ್ಲ ಬರುತ್ತಿದ್ದದ್ದು ಗೋಡೆಯ ಸಾಲಿನಿಂದ.

ಸಂತೆ ಬಯಲಿನ ಮಳಿಗೆಯ ವಿಷಯ ಬಂತು. ಒಪ್ಪೀರೇನ್ರಿ? ಒಪ್ಪೀವ್ರಿ. ಗುಮಾಸ್ತ ಬರೆಯಲು ಬಗ್ಗಿದ.

ಚಿಗವ್ವ ಎದ್ದು ನಿಂತಳು.

"ಅಧ್ಯಕ್ಷರ, ನನಗ ಕಣ್ಣಿನ ಆಪರೇಷನ್ ಆಗ್ಯಾದ. ಸರಿಯಾಗಿ ಕಾಣವಲ್ದು. ಯಾರು ಒಪ್ಪ್ಯಾರ, ಯಾರು ಇಲ್ಲ, ಗೊತ್ತಾಗವಲ್ದು. ಒಬ್ಬೊಬ್ಬರನ್ನ ಹೆಸರು ಹಿಡಿದು ಕೇಳ್ರಿ."

(ಬೋರ್ಡು ಓದುತ್ತಾ ಬಂದವಳು!)

ಅಧ್ಯಕ್ಷರು ಒಳ್ಳೆಯ ಮನುಷ್ಯ, ಯಾರ ಜೊತೆಗೂ ಜಗಳ ಬೇಡದವರು. "ಅದೆಲ್ಲ ಯಾಕ್ ಬೇಕವ್ವಾ, ಎಲ್ಲಾರೂ ಒಪ್ಪಿದಂಗ ಆತಲ್ಲ" ಎಂದರು.

"ನಾ ಒಪ್ಪಿಲ್ರಿ. ಅಂದ್ಮ್ಯಾಲ ಎಲ್ಲಾರೂ ಹ್ಯಾಂಗ ಆತು? ದಿಲ್ಲಿ ಪಾರ್ಲಿಮೆಂಟಿನ್ಯಾಗ ಒಬ್ಬ ಎದ್ದು ಕೇಳಿದ್ರ ಬಾಗಲಾ ಹಾಕಿ ಎಲ್ಲಾರ ವೋಟು ಎಣಸ್ತಾರ. ನಾ ಕಿವಿಯಾರೆ ಕೇಳೀನಿ. ಅಲ್ಲಿಗಿಂತ ದೊಡ್ಡದೇನ್ರಿ ಇದು?"

ಎಲ್ಲರೂ ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಪಂಚಾಯಿತಿಯ ಮುಖ್ಯಾಧಿಕಾರಿಯ ಕಡೆ ತಿರುಗಿದರು. ಆತ ಗಂಟಲು ಸರಿಮಾಡಿಕೊಂಡು, ಸದಸ್ಯರು ಕೇಳಿದ ಮೇಲೆ ಮತ ಎಣಿಸಿಬಿಡುವುದೇ ಸರಿ ಎಂದ. ಹೆಸರು ಕೂಗಲು ಶುರುಮಾಡಿದ. ಮೊದಲು ಗಂಡಸು ಸದಸ್ಯರು. ಒಪ್ಪಿಗಿ, ಒಪ್ಪಿಗಿ. ಒಬ್ಬ ಹಿರಿಯರು ಮಾತ್ರ ತಟಕ್ಕನೆ ನಿಂತು, "ಬ್ಯಾಡ್ರಿ, ನಮ್ಮವ್ವ ಅದ ಸಂತ್ಯಾಗ ಕೂತು ನನ್ನ ಬೆಳಸ್ಯಾಳ" ಎಂದು ಕೂತುಬಿಟ್ಟರು.

ಆಮೇಲೆ ಶರಣಮ್ಮನ ಹೆಸರು ಬಂತು. ಕಲ್ಲೂರಿನ ಮಗಳು, ಚಿಕ್ಕ ವಯಸ್ಸಿನಾಕೆ, ಆರಿಸಿ ಬಂದ ಮೇಲೆ ಆ ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಗೋಡೆಯ ಸಾಲಿನಿಂದ ಆಕೆಯ ಗಂಡ ಬಸಣ್ಣ ಉತ್ತರಿಸಿದ, "ಒಪ್ಪ್ಯಾಳ್ರಿ."

ಮುಖ್ಯಾಧಿಕಾರಿ ತಲೆ ಎತ್ತಿದ. "ಸದಸ್ಯರು ಹೇಳಬೇಕ್ರಿ."

ಶರಣಮ್ಮ ವಗ್ಗರಣಿಯ ಪ್ಲೇಟನ್ನು ದೂರ ಸರಿಸಿದಳು. ಸೆರಗು ಸರಿಮಾಡಿಕೊಂಡಳು. ನಾನು ಬೆಂಚಿನ ತುದಿಗೆ ಸರಿದು ಕೂತೆ. ನಾಳೆ ಬೆಳಿಗ್ಗೆ ಅಲ್ಲಿ ಜೆಸಿಬಿ ಬರುವುದೋ ಇಲ್ಲವೋ ಎಂಬುದು ಈಗ ಈ ಹುಡುಗಿಯ ಬಾಯಲ್ಲಿತ್ತು.

"ನಾ ಒಪ್ಪಂಗಿಲ್ರಿ."

"ಏನಂದಿ?" ಎಂದ ಬಸಣ್ಣ.

ಆಕೆ ಹಿಂದೆ ತಿರುಗಲಿಲ್ಲ. ಅಧ್ಯಕ್ಷರನ್ನೇ ನೋಡುತ್ತಾ ಇನ್ನೊಮ್ಮೆ ಹೇಳಿದಳು, ಈ ಸಲ ಬಾಗಿಲಾಚೆಗೂ ಕೇಳುವಂತೆ. "ಒಪ್ಪಂಗಿಲ್ಲ ಅಂದ್ನಿ. ಸಂತಿ ದಿನ ನಾವು ಎಲ್ಲಿಗಿ ಹೋಗ್ಬೇಕ್ರಿ?"

ಅಷ್ಟೇ ಬೇಕಾಗಿತ್ತು. ಮುಂದಿನಾಕೆ ಒಪ್ಪಂಗಿಲ್ಲ ಎಂದಳು. ಅದರ ಮುಂದಿನಾಕೆಯೂ ಅದನ್ನೇ ಹೇಳಿದಳು. ಒಬ್ಬಾಕೆ ಮಾತ್ರ ಮಳಿಗೆ ಬೇಕು, ಒಪ್ಪಿಗೆ ಇದೆ ಎಂದಳು. ಇರಲಿ, ಆಕೆಯೂ ಅದನ್ನು ತನ್ನ ಬಾಯಿಂದ ತಾನೇ ಹೇಳಿದಳಲ್ಲ, ನನಗೆ ಅದೂ ಖುಷಿಯೇ. ಕೊನೆಗೆ ನನ್ನ ಚಿಗವ್ವ. "ಬ್ಯಾಡ" ಎಂದು ಕೂತಳು. ಇಷ್ಟು ಚಿಕ್ಕ ಭಾಷಣ ಆಕೆ ಇದುವರೆಗೆ ಮಾಡಿರಲಿಲ್ಲ, ಆಕೆಯ ಮಾತು ಯಾವಾಗಲೂ ಉದ್ದವೇ.

ಮುಖ್ಯಾಧಿಕಾರಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಪ್ರಸ್ತಾವ ಬಿದ್ದಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸರ ಸಾಲಿನಲ್ಲಿ ಮೆಲ್ಲಗೆ ಒಂದು ನಗೆ ಎದ್ದಿತು, ಆಮೇಲೆ ಅದು ಅಡಗಲೇ ಇಲ್ಲ. ಗುಮಾಸ್ತ ಅರ್ಧ ಬರೆದಿದ್ದ 'ಸರ್ವಾನುಮತ'ವನ್ನು ಹೊಡೆದುಹಾಕಿ, ಒಬ್ಬೊಬ್ಬರ ಹೆಸರನ್ನೂ ಕೇಳಿ ಕೇಳಿ ಬರೆದುಕೊಂಡ. ಚಿಗವ್ವ ಕಪ್ಪು ಕನ್ನಡಕ ತೆಗೆದು, ಅವನ ಹೆಗಲ ಮೇಲಿಂದ ಬಗ್ಗಿ, ತನ್ನ ಹೆಸರಿನ ಮುಂದೆ ಏನು ಬರೆದಿದ್ದಾನೆಂದು ಓದಿ ನೋಡಿದಳು. ಸುಳ್ಳು ಯಾಕೆ ಹೇಳಲಿ, ಆ ಮುಖ ನೋಡಿ ನನ್ನ ಕಣ್ಣು ಒದ್ದೆಯಾಯಿತು.

ದೂರದ ಆ ಸಂಸದರಿಗೆ ಇದ್ಯಾವುದೂ ತಿಳಿದಿಲ್ಲ. ಅವರ ದಾಖಲೆಯಲ್ಲಿ, ಡಿವಿಜನ್ ಕೇಳಿದ ಆ ದಿನದ ಮುಂದೆ ಸೋಲು ಎಂದೇ ಇದೆ. ಹಾಜರಿ, ಪ್ರಶ್ನೆ, ಭಾಷಣ ಎಲ್ಲದಕ್ಕೂ ಅಲ್ಲಿ ಲೆಕ್ಕ ಇಟ್ಟಿದ್ದಾರೆ. ಆದರೆ ಒಬ್ಬ ಒಂಟಿ ಮನುಷ್ಯ ಎದ್ದು ನಿಂತಾಗ ಇನ್ನೆಲ್ಲೋ ಕೂತು ಕೇಳಿದವರು ಏನು ಕಲಿತರು ಎಂಬುದಕ್ಕೆ ಕಾಲಂ ಇಲ್ಲ. ಅದನ್ನು ತುಂಬುವವರು ನಮ್ಮಂಥವರೇ. 'ಸೋಲಿನ ಸರದಾರ' ಎಂಬ ತಲೆಬರಹವನ್ನು ನಾನು ವಾಪಸು ಬರುವ ಬಸ್ಸಿನಲ್ಲೇ ಬಿಟ್ಟು ಬಂದೆ.

ಸಭೆ ಮುಗಿದು ಹೊರಗೆ ಬಂದಾಗ ಶರಣಮ್ಮನೂ ಚಿಗವ್ವನೂ ಉಳಿದವರೂ ಗುಂಪಾಗಿ ಸಂತೆ ಬಯಲಿನ ಕಡೆ ನಡೆದರು, ಚಿಲಕ ರಿಪೇರಿ ಮಾಡಿಸುವ ಮಾತಾಡುತ್ತಾ. ಗಂಡಂದಿರು ಮೆಟ್ಟಿಲ ಮೇಲೆ ಉಳಿದರು. ಬಸಣ್ಣ ನನ್ನ ಹತ್ತಿರ ಬಂದ. ಸಿಟ್ಟಿರಲಿಲ್ಲ, ನಿಜವಾಗಿಯೂ ಗೊಂದಲದಲ್ಲಿದ್ದ.

"ಸರ, ನೀವು ಪೇಪರ್‌ನ್ಯಾಗ ಬರೆಯೋರು, ನೀವರ ಹೇಳ್ರಿ. ಇನ್ನ ಮ್ಯಾಲ ಹಿಂಗ ಹೆಸರು ಹಿಡಿದು ಅವರನ್ನ ಕೇಳಿದ್ರ, ನಾವು ಮೀಟಿಂಗಿಗೆ ಬಂದು ಮಾಡೋದೇನ್ರಿ?"

ಆ ಪಂಚಾಯಿತಿಯ ಗೋಡೆಯ ಸಾಲಿನಿಂದ ಇಷ್ಟು ಒಳ್ಳೆಯ ಪ್ರಶ್ನೆ ಇದಕ್ಕೂ ಮೊದಲು ಬಂದಿತ್ತೇ?