ಎರಡನೇ ಗೇರಿನ ಕರಕರ

ಅಕ್ವಿ ಊರಿನಲ್ಲಿ ಐವತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ, ತನಗೆ ಕಾರು ಕಲಿಸಿದವರು ಓರೆಸ್ತೆ ಇವಾಲ್ದಿ ಎಂದೇ ಹೇಳುತ್ತಾರೆ. ಇಗರ್ಜಿಯ ಪಾದ್ರಿಗೆ ಕಲಿಸಿದ್ದೂ ಅವರೇ, ಪಾದ್ರಿಯೆಂದೂ ನೋಡದೆ ಬೈದದ್ದೂ ಅವರೇ. ನಮ್ಮಲ್ಲಿ ಸ್ಟಿಯರಿಂಗ್ ಎಡಗಡೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬಲಗಡೆಯದು ಮೇಷ್ಟ್ರ ಜಾಗ. ಅಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಆ ಜಾಗದಲ್ಲಿ ನಲವತ್ತು ವರ್ಷ ಕೂತ ಮನುಷ್ಯ ಅವರು.

ಗೇರು ಕರಕರ ಎಂದಾಗ ಬೇರೆ ಮೇಷ್ಟ್ರುಗಳು ಕಲಿಯುವವರ ಕೈ ನೋಡುತ್ತಿದ್ದರು. ಓರೆಸ್ತೆ ಎಡಗಾಲು ನೋಡುತ್ತಿದ್ದರು. “ಗೇರು ಬೀಳೋದು ಕಾಲಿನಿಂದ ಕಣಯ್ಯಾ! ಕ್ಲಚ್ಚು ಪೂರ್ತಿ ಒತ್ತು, ಆಮೇಲೆ ಕೈ ಆಡ್ಸು!” ಎಂದು ಗದರಿಸಿಕೊಂಡು ಊರಿಗೆ ಊರೇ ಕಲಿಯಿತು. ಗದರಿಸಿಕೊಂಡು ಸುಮ್ಮನಿರದವಳು ಅವರ ಹೆಂಡತಿ ಮಿರೆಲ್ಲಾ ಒಬ್ಬಳೇ. ಮದುವೆಯಾದ ಹೊಸದರಲ್ಲಿ ಮೊದಲ ಪಾಠಕ್ಕೆ ಕೂತಾಕೆ, ಗಂಡ ಕೂಗಾಡಿದ್ದೇ ತಡ, ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬಾಗಿಲು ದಢಾರನೆ ಹಾಕಿ, ನಡೆದುಕೊಂಡು ಮನೆಗೆ ಹೋದಳು. ಆಮೇಲೆ ಪಕ್ಕದ ಊರಿನಲ್ಲಿ ಕಲಿತು, ಅಂಚೆ ಕೆಲಸಕ್ಕೆ ಸೇರಿ, ಗುಡ್ಡದ ಹಳ್ಳಿಗಳಿಗೆಲ್ಲ ಪುಟ್ಟ ಕಾರಿನಲ್ಲಿ ಕಾಗದ ಹಂಚುತ್ತ ಆಯುಷ್ಯ ಕಳೆದಳು. ಗಂಡ ಪಕ್ಕದಲ್ಲಿದ್ದಾಗ ಮಾತ್ರ ಆಕೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ.

ನಿವೃತ್ತಿಯಾದ ವರ್ಷವೇ ಓರೆಸ್ತೆ ಒಂದು ಹಳೆಯ ಸ್ಪೈಡರ್ ಮನೆಗೆ ತಂದರು. ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ, ಬೂದು ಬಣ್ಣದ ಸ್ಪೋರ್ಟ್ಸ್ ಕಾರು. “ಬಲಗಡೆ ಕೂತಿದ್ದು ಸಾಕು. ಇನ್ನು ಸಾಯೋವರ್ಗೂ ಎಡಗಡೇನೇ,” ಅಂದರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ರೊಕ್ಕಾವೆರಾನೊ ಗುಡ್ಡ ಹತ್ತುವುದು, ಅಲ್ಲಿ ಮೇಕೆಹಾಲಿನ ಚೀಸು ಕೊಳ್ಳುವುದು, ಊಟದ ಹೊತ್ತಿಗೆ ಇಳಿದು ಬರುವುದು. ಪಕ್ಕದಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಮಿರೆಲ್ಲಾ.

ಇಂಥ ಹಳೆಯ ಗಾಡಿಗಳಿಗೆ ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಎರಡನೇ ಗೇರು ಎಂದರೆ ಆಗುವುದಿಲ್ಲ. ಎಣ್ಣೆ ಬಿಸಿಯಾಗುವ ತನಕ ಒಂದರಿಂದ ನೇರ ಮೂರಕ್ಕೆ ಹಾರಿಸುವುದು ಇವನ್ನು ಸಾಕಿಕೊಂಡವರ ರೂಢಿ. ಆದರೆ ಈ ವಸಂತದಲ್ಲಿ ಗಾಡಿ ಚೆನ್ನಾಗಿ ಬಿಸಿಯಾದ ಮೇಲೂ, ಗುಡ್ಡದ ತಿರುವು ತಿರುವಿಗೂ ಎರಡನೇ ಗೇರು ಕರಕರ ಎನ್ನತೊಡಗಿತು.

“ನಿನ್ನ ಎಡ ಮೊಣಕಾಲು ಹೆಂಗೆ ಊದಿದೆ ನೋಡ್ಕೊಂಡಿದೀಯಾ?” ಎಂದಳು ಮಿರೆಲ್ಲಾ.

“ಗೇರ್‌ಬಾಕ್ಸಿಗೂ ನನ್ನ ಮೊಣಕಾಲಿಗೂ ಏನೇ ಸಂಬಂಧ? ಎಣ್ಣೆ ಹಳೇದಾಗಿದೆ, ಅಷ್ಟೇ.”

ಹಾಗೆಂದರೇನೋ ಸರಿ, ಒಳಗೊಳಗೇ ಓರೆಸ್ತೆ ಹೆದರಿದ್ದರು. ಕೆಟ್ಟದ್ದು ಗಾಡಿಯಾದರೆ ರಿಪೇರಿ ಉಂಟು. ಕೆಟ್ಟದ್ದು ಕಾಲಾದರೆ ಎಡಗಡೆಯ ಸೀಟು ಕೈತಪ್ಪಿದಂತೆಯೇ.

ಮಾರನೆಯ ದಿನ ತುಲ್ಲಿಯೊನ ವರ್ಕ್‌ಶಾಪಿಗೆ ಹೋದರು. ತುಲ್ಲಿಯೊ ಕೂಡ ಅವರ ಹಳೆಯ ಶಿಷ್ಯ, ಈಗ ಅವನಿಗೂ ಅರ್ಧ ತಲೆ ಬೋಳು. ಅವನು ಮಿರಮಿರ ಮಿಂಚುವ ಡಬ್ಬವೊಂದನ್ನು ತೆಗೆದು ತೋರಿಸಿದ.

“ಮೇಷ್ಟ್ರೇ, ಇದನ್ನ ಹಾಕೋಣ. ರೇಸಿನವ್ರು ಹಾಕೋದು. ಹಂಗೇ ಜಾರತ್ತೆ ನೋಡಿ!”

“ಜಾರೋಕೆ ನಂಗೆ ಮನೇ ಬಚ್ಚಲೇ ಸಾಕು. ಒಳಗಿನ ಬಳೆಗೆ ಹಿಡಿತ ಬೇಡ್ವೇನೋ?”

“ಗೊತ್ತು ಮೇಷ್ಟ್ರೇ. ನೀವು ಬೈತೀರೋ ಇಲ್ವೋ ಅಂತ ನೋಡ್ದೆ,” ಎಂದು ನಕ್ಕು ತುಲ್ಲಿಯೊ ಕೆಳಗಿನ ಕಪಾಟಿನಿಂದ ಬೇರೆ ಡಬ್ಬ ತೆಗೆದ.

ವಿಷಯ ಇಷ್ಟೇ. ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿರುತ್ತವೆ. ಗೇರು ಬೀಳುವ ಮುಂಚೆ ಬಳೆ ಹಲ್ಲಿನ ಚಕ್ರಕ್ಕೆ ಒರಗಿ, ಉಜ್ಜಿ, ಎರಡರ ವೇಗವನ್ನೂ ಹೊಂದಿಸಬೇಕು. ಎಣ್ಣೆ ಅತಿಯಾಗಿ ಜಾರಿದರೆ ಬಳೆಗೆ ಹಿಡಿತ ಸಿಗುವುದಿಲ್ಲ; ಎಣ್ಣೆಯಲ್ಲಿ ಗಂಧಕ ಹೆಚ್ಚಾದರೆ ಹಿತ್ತಾಳೆಯನ್ನೇ ತಿಂದುಹಾಕುತ್ತದೆ. ಹಾಗಾಗಿ ಡಬ್ಬದ ಮೇಲೆ ದರ್ಜೆ ನಾಲ್ಕು ಎಂದಿರಬೇಕು, ಐದಲ್ಲ. ನಾಲ್ಕಕ್ಕಿಂತ ಐದು ದೊಡ್ಡದು ತಾನೇ ಎಂದು ಲೆಕ್ಕ ಹಾಕಿದ ಬುದ್ಧಿವಂತರ ಗಾಡಿಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಬಿದ್ದಿವೆ.

ಎಣ್ಣೆ ಬಿಸಿಯಾಗಿದ್ದಾಗಲೇ ಗಾಡಿಯನ್ನು ವರ್ಕ್‌ಶಾಪಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ಇಬ್ಬರೂ ಕೆಳಗಿಳಿದರು. ಮೆಟ್ಟಿಲಿಳಿಯುವಾಗ ಓರೆಸ್ತೆ ಗೋಡೆ ಹಿಡಿದುಕೊಂಡರು. ಮೊದಲು ಪಕ್ಕದಲ್ಲಿ ಎಣ್ಣೆ ತುಂಬುವ ಬಾಯಿಯ ಬಿರಡೆ, ಆಮೇಲೆ ಕೆಳಗಿನ ಬಿರಡೆ. ಹಿಂದೆ ಒಮ್ಮೆ ತುಲ್ಲಿಯೊ ಇದನ್ನು ಉಲ್ಟಾ ಮಾಡಿದ್ದ. ಎಣ್ಣೆಯೆಲ್ಲ ಹರಿದುಹೋದ ಮೇಲೆ ನೋಡಿದರೆ ತುಂಬುವ ಬಾಯಿ ತುಕ್ಕು ಹಿಡಿದು ಬಿಚ್ಚಲೇ ಇಲ್ಲ, ಗಾಡಿ ಅಲ್ಲೇ ಗೂಟ ಹೊಡೆದುಕೊಂಡು ಕೂತಿತ್ತು. ಆ ಕತೆಯನ್ನು ಮೇಷ್ಟ್ರು ಇವತ್ತು ತೆಗೆದು ಕಿಚಾಯಿಸಲಿಲ್ಲ. ಅವರ ಕಣ್ಣೆಲ್ಲ ಇಳಿಯುವ ಎಣ್ಣೆಯ ಮೇಲೆ.

ಬಳೆ ಸವೆದಿದ್ದರೆ ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಚಿನ್ನದ ಹಾಗೆ ಹೊಳೆಯುತ್ತದೆ. ಗಾಡಿ ಇಟ್ಟವರು ಯಾರೂ ಅದನ್ನು ಕಾಣಬಾರದಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಓರೆಸ್ತೆ ಅವತ್ತು ಕಾಣಲಿ ಎಂದು ಬೇಡಿಕೊಂಡರು. ಎಣ್ಣೆ ಹಿಡಿದ ತಟ್ಟೆಯನ್ನು ಬಿಸಿಲಿಗೆ ಒಯ್ದು, ಬಿಳಿ ಬಟ್ಟೆಯ ಮೇಲೆ ಒಂದಿಷ್ಟು ಸುರಿದು, ಕನ್ನಡಕ ಏರಿಸಿ ಇಳಿಸಿ ನೋಡಿದರು. ಎಣ್ಣೆ ಕಪ್ಪಾಗಿತ್ತು, ಅದರೊಳಗೆ ಹೊಳೆಯುವುದು ಒಂದು ಚೂರೂ ಇರಲಿಲ್ಲ.

“ಏನು ಅದೃಷ್ಟ ಮೇಷ್ಟ್ರೇ! ಬಳೆಗಳು ಹೊಸಾವಿದ್ದಂಗಿವೆ. ಇನ್ನಿಪ್ಪತ್ತು ವರ್ಷ ಯೋಚ್ನೆ ಇಲ್ಲ ಬಿಡಿ,” ಎಂದ ತುಲ್ಲಿಯೊ.

“ಹೂಂ, ಅದೃಷ್ಟ,” ಎಂದರು ಓರೆಸ್ತೆ. ಅವರ ಮುಖ ಬಾಡಿತ್ತು.

ಹೊಸ ಎಣ್ಣೆಯನ್ನು ಕೈಪಂಪಿನಿಂದ ತುಂಬಿದರು. ಬಾಯಿಯಿಂದ ಹೊರಗೆ ತೊಟ್ಟಿಕ್ಕಿದ ಮೇಲೆ ಬಿರಡೆ ಬಿಗಿದರು. ಒಂದೇ ಒಂದು ಆಸೆ ಉಳಿದಿತ್ತು, ಹೊಸ ಎಣ್ಣೆಯಿಂದ ಸರಿಹೋದೀತು ಎಂದು. ಮನೆಯ ದಾರಿಯ ಎರಡನೇ ತಿರುವಿನಲ್ಲಿ ಗೇರು ಮೊದಲಿನಂತೆಯೇ ಕರಕರ ಎಂದಿತು.

“ಗೇರ್‌ಬಾಕ್ಸ್ ಇಳಿಸಿ ಬಿಚ್ಚಿಸ್ಬೇಕು,” ಎಂದರು ಮನೆಗೆ ಬಂದು.

“ಈ ಬೇಸಿಗೆ ಪೂರ್ತಿ ಗಾಡಿ ತುಲ್ಲಿಯೊ ಹತ್ರಾನೇ ಅನ್ನು,” ಎಂದಳು ಮಿರೆಲ್ಲಾ. ಬೀನ್ಸಿನ ನಾರು ಬಿಡಿಸುತ್ತಲೇ ಮತ್ತೆ ಅಂದಳು: “ಬಿಚ್ಚಿಸೋಕೆ ಮುಂಚೆ ಒಂದ್ಸಲ ನಾನು ಓಡಿಸ್ಲಾ?”

ಓರೆಸ್ತೆ ಸಿಡುಕುತ್ತಾರೆ ಎಂದೇ ಆಕೆ ಅಂದುಕೊಂಡಿದ್ದಳು. ಅವರು ಕೀಲಿ ಮೇಜಿನ ಮೇಲಿಟ್ಟರು.

ಬಲಗಡೆಯ ಸೀಟಿನಲ್ಲಿ ಕೂತು ಎಷ್ಟೋ ವರ್ಷವಾಗಿತ್ತು, ಮೈ ಮಾತ್ರ ಅದನ್ನು ಮರೆತಿರಲಿಲ್ಲ. ಮಿರೆಲ್ಲಾ ಸೇತುವೆ ದಾಟಿ, ಗುಡ್ಡದ ಬುಡದಲ್ಲಿ ವೇಗ ಇಳಿಸಿ, ಎರಡಕ್ಕೆ ಹಾಕಿದಳು. ಗೇರು ಸದ್ದಿಲ್ಲದೆ ಬಿತ್ತು. ಮುಂದಿನ ತಿರುವಿನಲ್ಲೂ ಬಿತ್ತು.

ಮೂರನೆಯ ತಿರುವಿನಲ್ಲಿ ಓರೆಸ್ತೆ ಹಳೆಯ ಚಾಳಿಯಂತೆ ಎಡಗಾಲು ನೋಡಿದರು. ಹೆಂಡತಿಯ ಕಾಲು ಕ್ಲಚ್ಚನ್ನು ಪೂರ್ತಿ ಒತ್ತಿತ್ತು. ಅದರ ಜೊತೆಜೊತೆಗೇ ಅವರ ಎಡಗಾಲೂ, ಈ ಬದಿಯಲ್ಲಿ ಇಲ್ಲವೇ ಇಲ್ಲದ ಕ್ಲಚ್ಚನ್ನು ಒತ್ತಲು ಹೊರಟಿತ್ತು. ಮೊಣಕಾಲು ಚಳುಕೆಂದ ಕಡೆ ನಿಂತು, ನೆಲಕ್ಕೆ ಒಂದು ಗೇಣು ಇರುವಾಗಲೇ ನಡುಗುತ್ತಿತ್ತು. ಕಲಿಯಲು ಬಂದ ಹುಡುಗನೊಬ್ಬನ ಕಾಲು ಹಾಗೆ ನಿಂತಿದ್ದರೆ ಏನು ಹೇಳುತ್ತಿದ್ದರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು. ಕಣ್ಣು ತುಂಬಿ ಬಂತು, ಗಾಳಿಗೆ ಎಂದುಕೊಳ್ಳುವುದಕ್ಕೂ ಆಗಲಿಲ್ಲ, ಅವತ್ತು ಗಾಡಿಯ ಚಾವಣಿ ಮುಚ್ಚಿತ್ತು.

ಮಿರೆಲ್ಲಾ ನೋಡಿದಳು. ನೋಡಿಯೂ ರಸ್ತೆಯ ಮೇಲೇ ಕಣ್ಣಿಟ್ಟಳು.

“ಎಣ್ಣೆ ಹೆಂಗಿದೆ?” ಎಂದು ಕೇಳಿದಳು ಮುಂದಿನ ತಿರುವು ದಾಟಿದ ಮೇಲೆ.

“ಎಣ್ಣೆ ಚೆನ್ನಾಗಿದೆ. ಗೇರ್‌ಬಾಕ್ಸೂ ಚೆನ್ನಾಗಿದೆ.”

ಮನೆಯ ಮುಂದೆ ಗಾಡಿ ನಿಲ್ಲಿಸಿ ಆಕೆ ಕೀಲಿ ಚಾಚಿದಳು. ಓರೆಸ್ತೆ ತೆಗೆದುಕೊಳ್ಳಲಿಲ್ಲ.

“ನಿನ್ನ ಹತ್ರಾನೇ ಇರ್ಲಿ. ಭಾನುವಾರ ಹೊರಡುವಾಗ ಎಣ್ಣೆ ಬಿಸಿಯಾಗೋವರ್ಗೂ ಒಂದರಿಂದ ಮೂರಕ್ಕೆ ಹಾಕು. ಎರಡು ಮುಟ್ಬೇಡ.”

“ಕೂಗಾಡಿದ್ರೆ ಅಲ್ಲೇ ನಿಲ್ಸಿ ನಡ್ಕೊಂಡು ಹೋಗ್ತೀನಿ, ನೆನಪಿರ್ಲಿ.”

“ಕೂಗಾಡಲ್ಲ ಮಾರಾಯ್ತಿ,” ಎಂದರು ಓರೆಸ್ತೆ. “ನೀನು ಇಳಿದು ಹೋದ್ರೆ ಗಾಡಿ ಮನೆಗೆ ತರೋರು ಯಾರು?”