ನನ್ನ ಜಡೆಗೆ ಬಿದ್ದ ಮೀನು

ಇವತ್ತು ಪಾರ್ಲರಿನ ಹುಡುಗಿ ಕತ್ತರಿಸಿದ ನನ್ನ ಬಿಳಿಕೂದಲು ನೆಲಕ್ಕೆ ಬಿದ್ದದ್ದೇ ತಡ, ಹೊಳೆನರಸೀಪುರದ ಆಸ್ಪತ್ರೆಯ ಫಿನಾಯಿಲ್ ವಾಸನೆ ಮೂಗಿಗೆ ಬಡಿದಂತಾಯಿತು.

ಆಗ ನನಗೆ ಎಂಟು ವರ್ಷ, ವಿಷಮಶೀತ ಜ್ವರ. ಅವ್ವ ಊರಲ್ಲಿ ಬಾಣಂತಿ. ಅಪ್ಪಯ್ಯ ನನ್ನನ್ನು ಆ ಆಸ್ಪತ್ರೆಗೆ ಸೇರಿಸಿ, ಆಗ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಅರಕಲಗೂಡಿಗೆ ವಾಪಸಾದರು. ಜ್ವರ ತಲೆಗೇರಬಾರದೆಂದು ನನ್ನ ತಲೆ ಬೋಳಿಸಲು ಆಸ್ಪತ್ರೆಯವರು ಕ್ಷೌರದ ನಂಜಣ್ಣನನ್ನು ಕರೆಸಿದರು. ನಾನು ಜಡೆ ಹಿಡಿದುಕೊಂಡು ಚೀರಿದೆ.

"ಅಳಬ್ಯಾಡ ಕಣವ್ವ. ಈ ಕೂದ್ಲು ಒಸ್ದು ಗಾಳಕ್ಕೆ ದಾರ ಮಾಡ್ತೀನಿ. ಒಳೇಲಿ ಎಂಥಾ ಮೀನು ಬೀಳ್ತದೆ ನೋಡು!" ಅಂದ.

ಮೂರು ದಿನ ಬಿಟ್ಟು ವಾರ್ಡಿನ ಬಾಗಿಲಲ್ಲೇ ಕೂಗಿದ: "ನಿನ್ ಜಡೇಗೆ ಮೀನು ಬಿತ್ತು ಕಣವ್ವ, ಮೊಳದುದ್ದ!"

ನಮ್ಮದು ಲಿಂಗಪೂಜೆಯ ಮನೆ, ಮೀನು ಮುಟ್ಟುವವರಲ್ಲ. "ಬುಟ್ಬುಡು ನಂಜಣ್ಣ, ಪಾಪ ನಂಗೆ ಬತ್ತದೆ!" ಎಂದು ಅತ್ತೆ.

"ಆಗ್ಲೇ ಬುಟ್ಬುಟ್ಟೆ. ಬಾಲ ಬಡ್ಕಂಡು ಓಯ್ತು."

ಆಮೇಲೆ ದಿನಾ ಒಂದು ಮೀನು ಬೀಳುತ್ತಿತ್ತು, ದಿನಾ ನಾನು ಬಿಡಿಸುತ್ತಿದ್ದೆ. ಆ ವಾರ್ಡಿನಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಿದ್ದವನು ಅವನೊಬ್ಬನೇ.

ಮನೆಗೆ ಹೊರಟ ದಿನ, ನನ್ನ ಬಾಯಲ್ಲಿ ಮೀನಿನ ಸುದ್ದಿ ಕೇಳಿದ್ದ ಅಪ್ಪಯ್ಯ ಅವನನ್ನು ವಿಚಾರಿಸಿದರು: "ಒಳೇಲಿ ಎಲ್ಲಿ ಗಾಳ ಆಕ್ತೀಯಪ್ಪ?"

ನಂಜಣ್ಣ ತಲೆ ಕೆರೆದುಕೊಂಡು ಪಿಸುಗುಟ್ಟಿದ: "ನಾನಾ ಸ್ವಾಮಿ? ನಂಗೆ ನೀರು ಕಂಡ್ರೇ ಭಯ."

ನನಗೆ ಕೇಳಿಸಿಬಿಟ್ಟಿತು.

ಪಾರ್ಲರಿನ ಹುಡುಗಿ ಕೂದಲನ್ನು ಗುಡಿಸತೊಡಗಿದಳು. "ಅದನ್ನ ಏನ್ಮಾಡ್ತೀಯಮ್ಮ?" ಅಂದೆ.

"ಕಸದ ಗಾಡಿಗೆ ಹಾಕ್ತೀವಿ ಅಜ್ಜಿ."

ಪಾಪ, ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ.