ಕಳಸ ಹಿಡಿಯಬೇಕಿದ್ದವಳು

ಅಕ್ಕನ ಎರಡು ಕೆನ್ನೆಯ ಮೇಲೂ ಬಂಗು ಇತ್ತು. ಹುಣಸೆಹಣ್ಣಿನ ಬಣ್ಣದ ಆ ಕಲೆಗಳು ಮೂಗಿನ ಮೇಲೆ ಬಂದು ಒಂದಕ್ಕೊಂದು ತಾಕುತ್ತಿದ್ದವು. ಎರಡನೇ ಬಸಿರಿನಲ್ಲಿ ಕಾಣಿಸಿಕೊಂಡದ್ದು ಹೋಗಲೇ ಇಲ್ಲ. ನಿಟ್ಟೂರಿನ ಸೇವಂತಿಗೆ ತೋಟಗಳಲ್ಲಿ ದಿನವೆಲ್ಲ ಹೂ ಬಿಡಿಸುವವಳು. ಬೇಸಿಗೆಯಲ್ಲಿ ಬಂಗು ಇನ್ನಷ್ಟು ಕಪ್ಪಾಗುತ್ತಿತ್ತು. ಮಕ್ಕಳು ದಿಟ್ಟಿಸಿದರೆ ಅವಳೇ ಕರೆದು ತೋರಿಸುತ್ತಿದ್ದಳು. "ಇದು ಕರ್ನಾಟಕ, ಇದು ಆಂಧ್ರ. ಮೂಗು ಚೆಕ್‌ಪೋಸ್ಟ್ ಕಣ್ರಲಾ."

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗುಬ್ಬಿಯ ಗ್ಯಾರೇಜು ಸೇರಿದವನು. ನನ್ನ ಗ್ರೀಸು ಮೆತ್ತಿದ ಬಟ್ಟೆ ಒಗೆದವಳು, ಅವ್ವ ಇಲ್ಲದ ಮನೆಯಲ್ಲಿ ನನಗೆ ಅನ್ನ ಇಟ್ಟವಳು ಅಕ್ಕ.

ಕುಣಿಗಲ್ ಕಡೆಯ ಹೆಣ್ಣಿನೊಂದಿಗೆ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗಂಡಿನ ಪಕ್ಕ ಕಳಸ ಹಿಡಿದು ನಿಲ್ಲುವವಳು ಅವನ ಅಕ್ಕ ಅಥವಾ ತಂಗಿ. ಕಳಸಗಿತ್ತಿ ಎನ್ನುತ್ತೇವೆ. "ಎಲ್ಲಾ ಫೋಟೋದಲ್ಲೂ ಅವ್ರೂ ಬರ್ತಾರೆ, ಚೆನ್ನಾಗಿ ರೆಡಿ ಮಾಡ್ಸಿ" ಎಂದ ಫೋಟೋದವನು. ನನಗೆ ಅಕ್ಕನ ಕೆನ್ನೆ ಕಣ್ಣಿಗೆ ಕಟ್ಟಿತು. ಗುಬ್ಬಿಯ ಒಂದು ಫ್ಯಾನ್ಸಿ ಸ್ಟೋರಿನಿಂದ ಬೆಳ್ಳಗಾಗುವ ಕ್ರೀಮಿನ ಡಬ್ಬಿ ತಂದುಕೊಟ್ಟೆ.

"ನಿನ್ ಮದ್ವೇಲಿ ನನ್ ಮೊಕ ಯಾರ್ಲಾ ನೋಡ್ತಾರೆ?" ಎಂದು ನಕ್ಕಳು.

"ಹಚ್ಕೊಳಕ್ಕ, ನನಗೋಸ್ಕರ."

ಹಚ್ಚಿಕೊಂಡಳು. ಮೂರು ವಾರ ಮುಖ ತಿಳಿಯಾಗುತ್ತ ಬಂತು. ಆಮೇಲೆ ಚರ್ಮ ಕೆಂಪಾಗಿ ಉರಿಯತೊಡಗಿತು, ಗುಳ್ಳೆಗಳೆದ್ದವು, ಬಂಗು ಮೊದಲಿಗಿಂತ ಕಪ್ಪಾಯಿತು. ಮದುವೆಗೆ ಒಂದು ವಾರವಿತ್ತು. ನಾನು ಹೆದರಿದ್ದು ಫೋಟೋಗಾಗಿ, ಅಕ್ಕನಿಗಾಗಿ ಅಲ್ಲ.

"ಲೈಟಿನ ಶಾಖದಲ್ಲಿ ನಿಂತ್ರೆ ಇನ್ನೂ ಉರೀತದೆ ಕಣಕ್ಕ. ಕಳಸ ಚಿಕ್ಕಪ್ಪನ ಮಗಳು ಹಿಡೀಲಿ."

ಅಕ್ಕ ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಆಗ್ಲಿ ಬುಡು. ಲಕ್ಷಣವಾಗವ್ಳೆ ಅವ್ಳು." ಮದುವೆಯ ದಿನ ಊಟದ ಮನೆಯಲ್ಲಿ ಪಾಯಸದ ಬಕೆಟ್ ಹಿಡಿದು ಓಡಾಡಿದಳು. ನನ್ನ ಆಲ್ಬಮ್ಮಿನ ಒಂದು ಫೋಟೋದಲ್ಲೂ ಅವಳಿಲ್ಲ.

ಉರಿ ನಿಲ್ಲದಿದ್ದಾಗ, ಹೊಸದಾಗಿ ಬಂದ ನನ್ನ ಹೆಂಡತಿಯೇ ಹಟ ಹಿಡಿದು ನಮ್ಮಿಬ್ಬರನ್ನು ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದರು.

"ಇದ್ರಲ್ಲಿ ಸ್ಟೀರಾಯ್ಡ್ ಇದೆ, ಚರ್ಮ ಕೆಡ್ಸಿರೋದು ಇದೇ. ಯಾರಮ್ಮ ಕೊಟ್ಟಿದ್ದು?"



"ನಾನೇ ತಗೊಂಡೆ ಮೇಡಂ. ಬೆಳ್ಳಗಾಗ್ಬೇಕು ಅಂತ ಆಸೆ ಆಯ್ತು" ಎಂದಳು ಅಕ್ಕ.

"ಎರಡು ಮಕ್ಕಳ ತಾಯಿ, ಇಷ್ಟೂ ಗೊತ್ತಾಗಲ್ವಾ?" ಎಂದು ಅವರು ಬೈದರು. ಬಂಗು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಬಿಸಿಲು ಅದನ್ನು ಹೆಚ್ಚಿಸುತ್ತದೆ. ಕೊಡೆ ಹಿಡಿಯಬೇಕು, ಬಿಸಿಲಿನ ಕ್ರೀಮು ದಿನಾ ಹಚ್ಚಬೇಕು, ತಿಂಗಳುಗಟ್ಟಲೆ ಕಾಯಬೇಕು. ತಿಳಿಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದರು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಹೊರಗೆ ಬಂದ ಮೇಲೆ, ಹೆಂಡತಿ ಔಷಧಿಗೆ ಹೋದಾಗ, ಅಕ್ಕ ನನ್ನ ತೋಳು ತಟ್ಟಿದಳು. "ಏನ್ಲಾ ಮೊಕ ಹಂಗ್ ಮಾಡ್ಕೊಂಡೆ? ಬೈಸ್ಕೊಂಡಿದ್ದು ನಾನು ಕಣೋ."

ಈಗ ಉರಿ ಹೋಗಿದೆ. ಬಂಗು ತಿಳಿಯಾಗಿದೆ, ಹೋಗಿಲ್ಲ. ಬಣ್ಣದ ಆಸೆಗೆ ಮುಖ ಕೆಡಿಸಿಕೊಂಡವಳು ಎಂದು ಊರಿನ ಹೆಂಗಸರು ಅವಳ ಎದುರಿಗೇ ಆಡಿಕೊಳ್ಳುತ್ತಾರೆ. ಆಗ ನಾನೂ ಅಲ್ಲಿದ್ದರೆ, ಅಕ್ಕ ತಪ್ಪಿಯೂ ನನ್ನ ಕಡೆ ನೋಡುವುದಿಲ್ಲ. ಅಕ್ಕನೇ ಕ್ರೀಮು ತಂದಳೆಂದು ನನ್ನ ಹೆಂಡತಿಯೂ ನಂಬಿದ್ದಾಳೆ. ಆ ಡಬ್ಬಿ ತಂದವನು ನಾನು ಎಂದು ಮೊದಲು ಅವಳಿಗೆ ಹೇಳಬೇಕಿತ್ತು. ಧೈರ್ಯ ಸಾಲದೆ ಇಲ್ಲಿ ಬರೆದಿದ್ದೇನೆ.